ಮೂಳೆ ಮುರಿಯುವ ಸದ್ದು

ಮಂಡಕ್ಕಿ ಭಟ್ಟಿಗೆ ಸಿನಿಮಾದವರು ಬಂದದ್ದು
ಒಂದು ಬುಧವಾರ, ಒಂದೇ ವ್ಯಾನಿನಲ್ಲಿ.
ಮುಂದಿನ ಸೀಟಿಗೆ ಹೀರೋ, ಹಿಂದಿನ ಸೀಟಿಗೆ ಕ್ಯಾಮೆರಾ,
ನಡುವೆ ಹದಿನಾಲ್ಕು ರಟ್ಟಿನ ಲಾಂಗು.
ಹೊಗೆಗೆ ಕಾಸು ಬಿಚ್ಚಬೇಕಿಲ್ಲ ಇಲ್ಲಿ,
ಗೋಡೆಗೆ ಮಸಿ ಬಳಿಯಬೇಕಿಲ್ಲ.
'ಅಡ್ಡಾ ಅಂದ್ರೆ ಇದು!' ಅಂದರು ಡೈರೆಕ್ಟರು
ನಮ್ಮಜ್ಜ ಹೊಟ್ಟು ಉರಿಸಿದ ಒಲೆಗೆ ಕೈಮುಗಿದು.

ಆಮೇಲೆ ನಮ್ಮನ್ನ ಸಾಲಾಗಿ ನಿಲ್ಲಿಸಿ
ಮೊರಕ್ಕೆ ಹಾಕಿ ಕೇರಿದರು.
ಬೆಳ್ಳಗಿದ್ದ ಕೊಟ್ರೇಶಿ ಆ ಕಡೆ, ಅವನು ಇನ್ಸ್‌ಪೆಕ್ಟರು.
(ಠಾಣೆ ಮೆಟ್ಟಿಲು ಕಂಡರೇ ಅವನಿಗೆ ಉಚ್ಚೆ.)
ಉಳಿದವರೆಲ್ಲ ಈ ಕಡೆ.
ಈ ಕಡೆ ಅಂದರೆ ಸಾಯುವವರ ಕಡೆ.

ದಾದಾಪೀರ್ ಚಾಚಾ ಆ ದಿನ ಐದು ಸಲ ಸತ್ತರು.
ಮೀಸೆ ಅಂಟಿಸಿ ಒಮ್ಮೆ, ಕಿತ್ತು ಒಮ್ಮೆ,
ತಲೆಗೆ ಕರ್ಚೀಫು ಬಿಗಿದು ಒಮ್ಮೆ, ಬರೀ ಬೆನ್ನು ತೋರಿಸಿ ಒಮ್ಮೆ.
ಐದನೆಯದು ಸಾವಲ್ಲ, ನಿದ್ದೆ.
ರಾತ್ರಿ ಎರಡಕ್ಕೆ ಎದ್ದು ಭಟ್ಟಿ ಹಚ್ಚಿದ ಮನುಷ್ಯನಿಗೆ
ಹೆಣವಾಗಿ ಮಲಗು ಅಂದರೆ ಇನ್ನೇನು ಮಾಡಿಯಾನು?
ಗೊರಕೆಯನ್ನು ಡಬ್ಬಿಂಗಿನಲ್ಲಿ ತೆಗೆದರಂತೆ.

ಹಾಲ್ಯಾನಾಯ್ಕ ಕೇಳಿದ: 'ನನ್ನ ಪಾತ್ರದ ಹೆಸರೇನ್ ಸಾರ್?'
ಡೈರೆಕ್ಟರು ಕಾಗದ ನೋಡಿದರು. 'ರೌಡಿ ಏಳು.'
'ಡೈಲಾಗು?'
'ಆ...'
'ಎಷ್ಟುದ್ದ ಸಾರ್?'
'ತೊಟ್ಟಿಗೆ ಬೀಳೋ ತನಕ.'

ಹೀರೋಯಿನ್ನು ದೂರದೂರಿನವಳು, ಒಳ್ಳೆ ಹುಡುಗಿ.
ಹೊಟ್ಟಿನ ಧೂಳಿಗೆ ಉಸಿರು ಕಟ್ಟಿ ವ್ಯಾನಿನಲ್ಲೇ ಕೂತಳು,
ನನ್ನ ಮಗಳಿಗೆ ಬಿಸ್ಕತ್ತು ಕೊಟ್ಟಳು.
ಅವಳ ಬದಲಿಗೆ ಅಟ್ಟದಿಂದ ಹಾರಿದವಳು ನಾನು.
ಮೇಕಪ್ಪಿನವನು ಮುಂಗೈಯಿಂದ ಹೆಗಲ ತನಕ ಪೌಡರು ಮೆತ್ತಿದ,
ಸುಟ್ಟ ಕಲೆಗಳ ಮೇಲೆ ಎರಡೆರಡು ಸಲ.
'ಇವೇನಮ್ಮಾ?'
'ಬಾಣಲಿ ಮರಳು ಸಿಡಿದದ್ದು.'
'ಓ, ಮೊದಲಿಂದ ಸ್ಟಂಟ್ ಮಾಡ್ತಿದ್ದೀಯ?'
'ಹೂಂ ಅಣ್ಣ. ಹನ್ನೊಂದನೇ ವಯಸ್ಸಿಂದ.'

ಎರಡು ಸಲ ಹಾರಿದೆ.
ಮೂರನೇ ಸಲ, ಯಾಕೋ ಗೊತ್ತಿಲ್ಲ,
ಗಾಳಿಯಲ್ಲಿದ್ದಾಗಲೇ ತಿರುಗಿ ಕ್ಯಾಮೆರಾ ನೋಡಿದೆ.
'ಕಟ್! ಮುಖ ಬಂತು! ಮುಖ ಬಂತು!'
ಎಲ್ಲರೂ ಕೂಗಿದರು,
ಹಾವು ಬಂತು ಅನ್ನುವ ಹಾಗೆ.

ಹೋಗುವಾಗ ಒಂದು ಚೀಲ ಮಂಡಕ್ಕಿ ಕೊಂಡರು.
ತಿನ್ನಲಿಕ್ಕೆ ಅಂದುಕೊಂಡೆವು.

ಪಿಕ್ಚರು ಬಂದ ದಿನ ಒಲೆ ಹಚ್ಚಲಿಲ್ಲ.
ಮಾರ್ನಿಂಗ್ ಶೋಗೆ ಇಪ್ಪತ್ತಾರು ಜನ, ಅದರಲ್ಲಿ ನಾವೇ ಇಪ್ಪತ್ತು.
ಪರದೆ ಮೇಲೆ ನಮ್ಮ ಬಾಯಿಗೆ
ಬೆಂಗಳೂರಿನ ಯಾರದೋ ದನಿ ಹಾಕಿದ್ದರು.
'ಐತೆ', 'ಹೋಗ್ಯಾನೆ' ಅಂದವನು ಕಾಮಿಡಿಯವನೊಬ್ಬನೇ.
ಜನ ನಕ್ಕರು. ನಾವೂ ನಕ್ಕೆವು.
ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದೆವು.

'ಅಮ್ಮೀ, ನೀನೆಲ್ಲಿ?' ಅಂದಳು ಮಗಳು.
ಅಗೋ, ಬೀಳ್ತಾ ಇದ್ದೀನಿ ನೋಡು, ಅಂದೆ.
ಅಷ್ಟರಲ್ಲಿ ಬಿದ್ದಾಗಿತ್ತು,
ನೆಲದಿಂದ ಎದ್ದವಳು ಹೀರೋಯಿನ್ನು.

ಹೀರೋ ಚಾಚಾರ ತೋಳು ತಿರುಚಿದ.
ಕರಕರ ಕರಕರ.
ಸ್ಪೀಕರಿನ ತುಂಬ ಮೂಳೆ ಮುರಿಯುವ ಸದ್ದು,
ಎರಡನೇ ಸಾಲಿನವ ಸಿಳ್ಳೆ ಹೊಡೆದ.
ಚಾಚಾ ಮಾತ್ರ ಕತ್ತಲಲ್ಲಿ ಕಿವಿ ನಿಮಿರಿಸಿ
ನನ್ನ ಮೊಣಕೈ ತಿವಿದರು:
'ಖೈರುನ್, ಅದು ಮೂಳೆ ಅಲ್ಲ, ನಮ್ಮ ಮಾಲು!
ಸೋಮವಾರ ಹುರಿದದ್ದು. ಗರಿ ಹೆಂಗೈತೆ ಕೇಳು,
ಇನ್ನೂ ಮೆತ್ತಗಾಗಿಲ್ಲ.'

ಇಡೀ ಪಿಕ್ಚರಿನಲ್ಲಿ
ನಮ್ಮದೇ ದನಿ ಅಂತ ಉಳಿದದ್ದು ಅದೊಂದೇ.
ಯಾರಿಗೆ ಹೊಡೆತ ಬಿದ್ದರೂ ಅದೇ ಸದ್ದು,
ಕೊನೆಗೆ ಹೀರೋನ ಕಾಲು ಉಳುಕಿದಾಗಲೂ.

ಹೊರಗೆ ಬಂದರೆ ಬಿಸಿಲು.
ಗೇಟಿನವನು ಚಾಚಾರ ಮುಖವನ್ನೇ ನೋಡುತ್ತಾ
ಗುರುತು ಹತ್ತದೆ ಕೇಳಿದ: 'ಹೆಂಗೈತೆ ಸಾಬರೇ ಪಿಕ್ಚರು?'
'ಚಲೋ ಐತೆ' ಅಂದರು ಚಾಚಾ, ಬೀಡಿ ಹಚ್ಚಿ.
'ಐದು ಸಲ ಸತ್ತೆ ನೋಡಪ್ಪ.
ಒಂದು ಸಲಾನೂ ಯಾರೂ ಮಣ್ಣು ಕೊಡಲಿಕ್ಕೆ ಬರಲಿಲ್ಲ.'